ಟೈಲರಕ್ಕ ನೆಲಮಾಳಿಗೆಗೆ ಹಾಕಿದ ಗುರುತು

ಟೈಲರಕ್ಕನ ಹೊಲಿಗೆಯನ್ನು ಮೆಚ್ಚದವರು ಆ ಬೀದಿಯಲ್ಲಿ ಇರಲಿಲ್ಲ. ಮೆಚ್ಚಿಕೊಂಡವರಲ್ಲಿ ಅದರ ಗುಟ್ಟು ಎಲ್ಲಿದೆಯೆಂದು ತಿಳಿದವರೂ ಇರಲಿಲ್ಲ. ಗುಟ್ಟು ಇದ್ದದ್ದು ಬಟ್ಟೆಯ ಒಳಮಗ್ಗುಲಲ್ಲಿ. ಅಂಗಿಯಾಗಲಿ, ಪ್ಯಾಂಟಾಗಲಿ, ಶಾಲೆಯ ಮಕ್ಕಳ ಯೂನಿಫಾರಮ್ಮಾಗಲಿ, ಹೊಲಿಗೆಯ ಆಚೆಗೆ ಎರಡು ಬೆರಳಗಲದ ಬಟ್ಟೆಯನ್ನು ಒಳಕ್ಕೆ ಬಿಡದೆ ಆಕೆ ಎಂದೂ ಕತ್ತರಿ ಆಡಿಸಿದವಳಲ್ಲ. ಮಗು ಬೆಳೆದರೆ, ಗಂಡಸಿಗೆ ಹೊಟ್ಟೆ ಬಂದರೆ, ಬಾಣಂತಿ ಮೈ ತುಂಬಿಕೊಂಡರೆ, ಹಳೆಯ ಹೊಲಿಗೆ ಬಿಚ್ಚಿ ಹೊಸದು ಹಾಕಿದರಾಯಿತು. ಉಡುಪು ಹೊಸದರಂತೆ ಮೈಗೆ ಕೂರುತ್ತಿತ್ತು. "ಒಳಗೆ ಬಿಡದೆ ಹೊಲಿಯೋದು ಹೊಲಿಗೆನೇ ಅಲ್ಲ, ಅಂಟಿಸೋದು" ಎಂಬುದು ರೆಡಿಮೇಡ್ ಅಂಗಡಿಗಳ ಬಗ್ಗೆ ಆಕೆಯ ಖಚಿತವಾದ ತೀರ್ಪು.

ಚಿಕ್ಕ ವಯಸ್ಸಿನಲ್ಲೇ ಒಬ್ಬ ದರ್ಜಿಯ ಅಂಗಡಿಗೆ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದವಳು. ಗುಂಡಿಯಿಂದ ಕಾಜಾಕ್ಕೆ, ಕಾಜಾದಿಂದ ಕಾಲರಿಗೆ, ಕಾಲರಿನಿಂದ ಕತ್ತರಿಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದವಳು. ಮದುವೆಯ ಪ್ರಸ್ತಾಪ ಬಂದಾಗಲೆಲ್ಲ ಮನೆಯಲ್ಲಿ ಯಾರಿಗಾದರೂ ಕಾಯಿಲೆ, ಇಲ್ಲವೇ ತಮ್ಮನಿಗೆ ಪರೀಕ್ಷೆ. ಮುಂದೆ ನೋಡೋಣ, ಮುಂದೆ ನೋಡೋಣ ಎನ್ನುತ್ತಾ ನೋಡುವವರೇ ಇಲ್ಲವಾದರು. ತಂದೆ ತಾಯಿ ತೀರಿಹೋದ ಮೇಲೆ ಅಕ್ಕ, ತಮ್ಮ, ತಮ್ಮನ ಹೆಂಡತಿ, ಅವರ ಮಗಳು, ಈ ನಾಲ್ವರದೇ ಮನೆ. ತಮ್ಮ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಮ್ಯಾನೇಜರು. ಅವನು ಮೊದಲ ಕೆಲಸದ ಸಂದರ್ಶನಕ್ಕೆ ತೊಟ್ಟು ಹೋದ ಕೋಟು ತಂದೆಯದು. ಹೆಗಲಲ್ಲೂ ಬೆನ್ನಲ್ಲೂ ಒಳಗಿದ್ದ ಬಟ್ಟೆಯನ್ನು ಅಕ್ಕ ಬಿಡಿಸಿಕೊಟ್ಟಿದ್ದಳು. ಈ ಸಂಗತಿ ಅವನಿಗೆ ಚೆನ್ನಾಗಿ ನೆನಪಿತ್ತು. ಬಂದವರೆದುರು ಹೇಳಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ.

ಅಕ್ಕನ ಹೊಲಿಗೆ ಯಂತ್ರ ಇದ್ದದ್ದು ಬೀದಿಯ ಕಡೆಯ ಕೋಣೆಯಲ್ಲಿ, ಕಿಟಕಿಯ ಕೆಳಗೆ. ಇದು ವೈಭೋಗವಲ್ಲ, ಅಗತ್ಯ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ದೀಪದ ಬೆಳಕಿನಲ್ಲಿ ಆಕೆಗೆ ದಾರ ಕಾಣಿಸುತ್ತಿರಲಿಲ್ಲ. ಬಿಳಿ ಬಟ್ಟೆಯನ್ನು ಹೇಗೋ ನಿಭಾಯಿಸುತ್ತಿದ್ದಳು. ಕಪ್ಪು ಬಟ್ಟೆಗೆ ಕಪ್ಪು ದಾರವೆಂದರೆ ಎರಡೂ ಒಂದೇ ಮುದ್ದೆ. ಹಗಲಿನ ಬೆಳಕು ಎಡಗಡೆಯಿಂದ ಬಿದ್ದರೆ ಮಾತ್ರ ಕೈ ಮೊದಲಿನಂತೆ ಓಡುತ್ತಿತ್ತು. ಹೊಲಿಯಲಾಗದ ದಿನ ತಾನು ಆ ಮನೆಯಲ್ಲಿ ಬರಿಯ ಇನ್ನೊಂದು ತಟ್ಟೆಯಾಗುತ್ತೇನೆಂದು ಆಕೆ ಬಾಯಿಬಿಟ್ಟು ಹೇಳದಿದ್ದರೂ ದಿನಕ್ಕೊಮ್ಮೆಯಾದರೂ ನೆನೆಯುತ್ತಿದ್ದಳು.

ಒಂದು ಭಾನುವಾರ ಟೀ ಕುಡಿಯುವಾಗ ತಮ್ಮ ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಒಂದು ಮಾತು."

"ಮೂರೂ ಒಟ್ಟಿಗೆ ಹೇಳಿಬಿಡು. ಒಂದು ಅಂತ ಶುರುಮಾಡಿ ನೀನು ಯಾವತ್ತು ಒಂದಕ್ಕೆ ನಿಲ್ಲಿಸಿದೀಯ?"

"ಕೆಳಗಡೆ ನೆಲಮಾಳಿಗೆ ಸುಮ್ನೆ ಬಿದ್ದಿದೆ. ಅದನ್ನ ಚೆನ್ನಾಗಿ ಮಾಡಿಸಿ ನಿನಗೊಂದು ಮನೆ ಥರ ಮಾಡಿಬಿಡೋಣ ಅಂತ. ನಿನ್ನದೇ ರೂಮು, ನಿನ್ನದೇ ಬಚ್ಚಲು. ಗಿರಾಕಿಗಳು ಬಂದ್ರೂ ಯಾರಿಗೂ ತೊಂದರೆ ಇಲ್ಲ."

"ಈಗ ಯಾರಿಗಪ್ಪಾ ತೊಂದರೆ ಆಗ್ತಿರೋದು?"

ತಮ್ಮ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ. ಅದು ಮುರಿದು ಲೋಟದೊಳಗೆ ಬಿತ್ತು. ಅವನು ಅದನ್ನು ಚಮಚದಲ್ಲಿ ಹುಡುಕತೊಡಗಿದಾಗ ಅವನ ಹೆಂಡತಿಯೇ ಉತ್ತರ ಕೊಟ್ಟಳು.

"ತೊಂದರೆ ಅಂತಲ್ಲ ಅತ್ತಿಗೆ. ಆ ರೂಮಿನ ಗೋಡೆ ತೆಗೆದ್ರೆ ಮೇಲಿನ ಹಾಲು ದೊಡ್ಡದಾಗುತ್ತೆ. ಊಟದ ಟೇಬಲ್ ಹಾಕಬಹುದು. ಈಗ ನೋಡಿ, ಒಬ್ಬರು ಎದ್ರೆ ಇನ್ನೊಬ್ಬರು ಕೂರಬೇಕು."

"ಕೆಳಗೆ ಇರೋದು ಒಂದೇ ಕಿಟಕಿ," ಎಂದಳು ಅಕ್ಕ.

"ಅದು ನಿನಗೇ ಕಣಕ್ಕಾ. ಅದರಲ್ಲಿ ಮಾತೇ ಇಲ್ಲ. ಎಲ್ಲೆಲ್ಲಿ ಏನೇನು ಬರಬೇಕು ಅಂತ ನೀನೇ ಪ್ಲಾನ್ ಹಾಕು. ನಿನ್ನಷ್ಟು ಅಳತೆ ಗೊತ್ತಿರೋರು ಈ ಮನೇಲಿ ಯಾರಿದ್ದಾರೆ?"

ಈ ಮಾತನ್ನಾಡಿದ್ದು ಬೇರಾರೂ ಅಲ್ಲ, ತಮ್ಮನೇ. ಹೆಂಡತಿ, ಮಗಳು, ಅಕ್ಕ, ಮೂವರೂ ಕೇಳಿಸಿಕೊಂಡರು. ಮುಂದೆ ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಯಾರೂ ನೆನಪಿಸಿಕೊಳ್ಳಲೂ ಇಲ್ಲ.

ಮನೆ ಇಳಿಜಾರಿನಲ್ಲಿತ್ತು. ನೆಲಮಾಳಿಗೆಯ ಮೂರು ಗೋಡೆಗಳ ಹಿಂದೆ ಬರೀ ಮಣ್ಣು. ಬೀದಿಯ ಕಡೆಯ ನಾಲ್ಕನೆಯ ಗೋಡೆ ಮಾತ್ರ ನೆಲಮಟ್ಟಕ್ಕಿಂತ ಅಷ್ಟಿಷ್ಟು ಮೇಲೆದ್ದಿತ್ತು. ಅಲ್ಲಿ ಉದ್ದನೆಯದೊಂದು ಗಿಡ್ಡ ಕಿಟಕಿ. ಅದರಾಚೆ ಮನುಷ್ಯರು ಮೊಣಕಾಲಿನವರೆಗಷ್ಟೇ ಕಾಣುತ್ತಿದ್ದರು. ಆದರೆ ಕಿಟಕಿ ಪೂರ್ವಕ್ಕಿತ್ತು. ಬೆಳಗಾದರೆ ಬಿಸಿಲು ಓರೆಯಾಗಿ ಒಳಗಿಳಿದು ನೆಲದ ಮೇಲೆ ಬಟ್ಟೆಯ ಥಾನು ಬಿಚ್ಚಿ ಹಾಸಿದಂತೆ ಉದ್ದಕ್ಕೆ ಬೀಳುತ್ತಿತ್ತು. ಅಕ್ಕ ಅದನ್ನು ನೋಡಿದಳು, ಒಪ್ಪಿದಳು.

ಹಳೆಯ ಟ್ರಂಕು, ಕಾಲು ಮುರಿದ ಮಂಚ, ತುಕ್ಕು ಹಿಡಿದ ಸೈಕಲ್ಲು ಎಲ್ಲವನ್ನೂ ಸಾಗಹಾಕಿಸಿ, ನೆಲ ಗುಡಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಯನ್ನೂ ಟೇಪನ್ನೂ ಹಿಡಿದು ಕೆಳಗೆ ಕುಳಿತಳು. ಕಾಗದದ ಮೇಲೆ ಬೆರಳುದ್ದ ಬರೆದ ಮನೆಯಲ್ಲಿ ಆಕೆಗೆ ನಂಬಿಕೆಯಿರಲಿಲ್ಲ. ಬೆರಳುದ್ದದ ಅಂಗಿ ಕತ್ತರಿಸಿ ಯಾರ ಮೈಗೆ ಹಾಕಿ ನೋಡುವುದು? ಆದ್ದರಿಂದ ಇಡೀ ಮನೆಯನ್ನು ಇದ್ದ ಅಳತೆಯಲ್ಲೇ ನೆಲದ ಮೇಲೆ ಬರೆದಳು. ಕಿಟಕಿಯ ಕೆಳಗೆ ಯಂತ್ರ, ಬೆಳಕು ಎಡಕ್ಕೆ ಬರುವಂತೆ. ಪಕ್ಕದಲ್ಲಿ ಕತ್ತರಿಸುವ ಮೇಜು, ಕೈಯ ನೆರಳು ಬಟ್ಟೆಯ ಮೇಲೆ ಬೀಳದಂತೆ. ಎದುರು ಗೋಡೆಗೆ ಮಂಚ. ಮೇಲಿನಿಂದ ನೀರಿನ ಪೈಪು ಇಳಿಯುವ ಮೂಲೆಯಲ್ಲೇ ಬಚ್ಚಲು. ಮೆಟ್ಟಿಲ ಬುಡದಲ್ಲಿ ಎಲ್ಲರೂ ಕೂರುವುದಕ್ಕೆ ಒಂದು ಹಾಲು, ಮೆಟ್ಟಿಲ ಕೆಳಗೆ ಸಾಮಾನಿನ ಗೂಡು. ಬಾಗಿಲು ತೆರೆದಾಗ ಎಲ್ಲಿಯವರೆಗೆ ಬರುತ್ತದೆಂಬುದನ್ನೂ ಅಂಗಿಯ ಕೊರಳಿನ ತಿರುವಿನಂತೆ ದುಂಡಗೆ ಬರೆದಳು. ಆಮೇಲೆ ಸೀಮೆಸುಣ್ಣದ ಮಂಚದ ಮೇಲೆ ನಿಜವಾಗಿಯೂ ಮಲಗಿ, ಕೈ ಚಾಚಿ, ಕೈ ತಲುಪಿದ ಜಾಗದಲ್ಲಿ ದೀಪದ ಸ್ವಿಚ್ಚಿಗೆ ಗುರುತು ಹಾಕಿದಳು.

ಕಾಲೇಜಿನಿಂದ ಬಂದ ತಮ್ಮನ ಮಗಳು ಇದನ್ನು ನೋಡಿ ಮೆಟ್ಟಿಲ ಮೇಲೇ ನಿಂತಳು.

"ಅತ್ತೆ, ಬಾಗಿಲು ತಟ್ಟಲಾ, ಹಾಗೇ ಬರಲಾ?"

"ಚಪ್ಪಲಿ ಹೊರಗೆ ಬಿಟ್ಟು ಬಾ."

ಹುಡುಗಿ ನಗುತ್ತಾ ಚಪ್ಪಲಿಯನ್ನು ಗೆರೆಯಾಚೆ ಬಿಟ್ಟು, ಇಲ್ಲದ ಬಾಗಿಲನ್ನು ತೆರೆದು, ಒಳಗೆ ಬಂದು ಪಕ್ಕದಲ್ಲಿ ಮಲಗಿದಳು. ಇಬ್ಬರೂ ಕಿಟಕಿಯಾಚೆ ಓಡಾಡುವ ಕಾಲುಗಳನ್ನು ನೋಡಿ ಯಾರ ಕಾಲು ಯಾರದೆಂದು ಊಹಿಸಿದರು. ಪ್ಯಾಂಟಿನ ತುದಿಯ ಮಡಿಕೆ ನೋಡಿ ಅಕ್ಕ ಹೇಳಿದ್ದೊಂದೂ ತಪ್ಪಲಿಲ್ಲ. ಅರ್ಧದಷ್ಟು ಪ್ಯಾಂಟು ಆಕೆ ಹೊಲಿದವೇ. ಆ ಮನೆಯಲ್ಲಿ ಆಕೆ ಸುಖವಾಗಿ ಬಾಳಿದ್ದು ಆ ಒಂದು ಸಂಜೆ. ಆಗ ಅಲ್ಲಿ ಗೋಡೆಗಳಿರಲಿಲ್ಲ.

ಇಷ್ಟೆಲ್ಲ ಬರೆದವಳು ತನ್ನ ಕಸುಬಿನ ನಿಯಮವನ್ನು ಬಿಟ್ಟಿರಲಿಲ್ಲ. ಪ್ರತಿ ಗೆರೆಯ ಒಳಗೂ ಒಂದೊಂದು ಗೇಣು ಜಾಗ ಖಾಲಿ.

"ಇದೇನು ಅಕ್ಕಾವ್ರೇ, ಮಧ್ಯಮಧ್ಯ ಗಲ್ಲಿ ಬಿಟ್ಟಿದೀರಲ್ಲ?" ಎಂದ, ನೋಡಲು ಬಂದ ಮೇಸ್ತ್ರಿ.

"ಗೆರೆಗೆ ದಪ್ಪ ಇಲ್ಲ, ಗೋಡೆಗೆ ಇದೆ. ಆಮೇಲೆ ಆ ಮಣ್ಣಿನ ಕಡೆ ಗೋಡೆಗೆ ತೇವ ಬರುತ್ತೆ, ಬೀರುವನ್ನ ಆನಿಸಿ ಇಡೋ ಹಾಗಿಲ್ಲ. ಮಿಕ್ಕಿದ್ದು ಇರಲಿ. ನಾಳೆ ನಂಗೆ ಕೋಲು ಹಿಡಿಯೋ ಕಾಲ ಬಂದ್ರೆ ಕೋಲಿಗೂ ಜಾಗ ಬೇಡ್ವಾ?"

"ಕೋಲಿಗೂ ಒಂದು ರೂಮು ಬರೆದುಬಿಡಿ," ಎಂದು ಮೇಸ್ತ್ರಿ ನಕ್ಕ. ಆದರೆ ಒಂದು ಗೆರೆಯನ್ನೂ ಬದಲಿಸಲು ಹೇಳಲಿಲ್ಲ.

ಬದಲಿಸಿದವರು ಮನೆಯವರು. ಅವರು ದಬಾಯಿಸಿದರೆಂದು ಹೇಳುವುದು ಸುಳ್ಳಾಗುತ್ತದೆ. ಆ ಮನೆಯಲ್ಲಿ ಯಾರೂ ದನಿ ಎತ್ತಲಿಲ್ಲ, ಯಾರೂ ಕೇಳದೆ ಏನನ್ನೂ ತೆಗೆದುಕೊಳ್ಳಲಿಲ್ಲ. ಕೇಳಿ ಕೇಳಿಯೇ ತೆಗೆದುಕೊಂಡರು. ಮೊದಲು ತಮ್ಮನ ಹೆಂಡತಿ ಕೆಳಗಿಳಿದು ಬಂದು ಮೇಜಿನ ಪಕ್ಕದ ಗೇಣು ಜಾಗದಲ್ಲಿ ನಿಂತಳು.

"ಇಲ್ಲಿ ಸುಮ್ನೆ ಖಾಲಿ ಇದೆಯಲ್ಲ ಅತ್ತಿಗೆ, ಬಟ್ಟೆ ಒಗೆಯೋ ಮಿಷನ್ನು ಇಲ್ಲಿಗೆ ಬರಬಹುದಾ?"

"ಬರಬಹುದು. ಆದರೆ..."

"ನೋಡಿ, ನೀವೇ ಬರಬಹುದು ಅಂದ್ರಿ!"

ಮಿಷನ್ನು ಗೇಣಿನಲ್ಲಿ ಹಿಡಿಸದು. ಮೇಜಿನ ಗೆರೆ ಒಳಕ್ಕೆ ಸರಿಯಿತು. ಮಂಚದ ಹಿಂದಿನ ಖಾಲಿ ಜಾಗಕ್ಕೆ ಹಳೆಯ ಹಾಸಿಗೆಗಳನ್ನಿಡುವ ಕಪಾಟು ಬಂತು. ಮಂಚ ಮುಂದಕ್ಕೆ ಬಂತು. ಬಚ್ಚಲಿನ ಬದಿಗೆ ತಮ್ಮ ನಿಂತಲ್ಲೇ ಓಡುವ ಯಂತ್ರವೊಂದನ್ನು ಇಡಬೇಕೆಂದ. "ಡಾಕ್ಟರು ಓಡು ಅಂದಿದ್ದಾರಕ್ಕಾ." "ಬೀದಿ ಇದೆಯಲ್ಲೋ," ಎಂದಳು ಅಕ್ಕ. "ಬೀದೀಲಿ ಓಡಿದ್ರೆ ಜನ ನೋಡ್ತಾರೆ." ಬಚ್ಚಲೂ ಕಿರಿದಾಯಿತು. ಒಂದೊಂದು ಸಲವೂ ಅಕ್ಕನೇ ಒದ್ದೆ ಬಟ್ಟೆ ತಂದು ಹಳೆಯ ಗೆರೆ ಒರೆಸಿ ಹೊಸದು ಎಳೆದಳು. ಬೆಳೆಯುವ ಮೈಗೆಂದು ಆಕೆ ಒಳಗೆ ಬಿಟ್ಟದ್ದೆಲ್ಲ ಅವರ ಕಣ್ಣಿಗೆ ಯಾರದೂ ಅಲ್ಲದ ಜಾಗವಾಗಿ ಕಾಣುತ್ತಿತ್ತು.

ಕೊನೆಗೆ ಬಂದದ್ದು ಕಿಟಕಿಯ ಸರದಿ.

"ಅತ್ತಿಗೆ, ಒಂದು ಯೋಚನೆ," ಎಂದಳು ತಮ್ಮನ ಹೆಂಡತಿ. "ಹಾಲು ಈ ಕಡೆ ಬಂದು ನಿಮ್ಮ ರೂಮು ಹಿಂದಕ್ಕೆ ಹೋದ್ರೆ ಹೇಗೆ? ನಾಲ್ಕು ಜನ ಕೂರೋ ಜಾಗ ನೋಡಿ, ಗಾಳಿ ಬೆಳಕು ಬೇಕಾಗುತ್ತೆ."

"ನಾನು ಕೂರೋ ಜಾಗಕ್ಕೆ?"

"ನೀವು ಒಬ್ಬರೇ ಅಲ್ವಾ?"

"ಸುಮ್ನೆ ಒಂದ್ಸಲ ಗೆರೆ ಹಾಕಿ ನೋಡೋಣ ಕಣಕ್ಕಾ," ಎಂದ ತಮ್ಮ. "ನೋಡೋಕೇನಂತೆ?"

ಇಲ್ಲಿ ಅಕ್ಕ ಮಾಡಿದ ತಪ್ಪನ್ನು ಮುಚ್ಚಿಡುವಂತಿಲ್ಲ. ಆಕೆ ಒರೆಸಿದಳು. ತನ್ನ ಕೋಣೆಯನ್ನು ತನ್ನ ಕೈಯಾರೆ ಎತ್ತಿ, ಮೂರೂ ಕಡೆ ಮಣ್ಣಿರುವ ಹಿಂಭಾಗಕ್ಕೆ ಒಯ್ದು ಬರೆದಳು. ದರ್ಜಿಯ ಹೊರತು ಬೇರಾರೂ ಈ ತಪ್ಪು ಮಾಡುತ್ತಿರಲಿಲ್ಲ. ಆಕೆಯ ಕಸುಬಿನಲ್ಲಿ ಸೀಮೆಸುಣ್ಣದ ಗುರುತಿಗೆ ಬೆಲೆಯಿಲ್ಲ. ಗಿರಾಕಿ ಹೇಳಿದಂತೆ ಬರೆಯುವುದು, ಒರೆಸುವುದು. ಆಮೇಲೆ ಕಚ್ಚಾ ಹೊಲಿಗೆ. ಆಮೇಲೆ ಗಿರಾಕಿಯನ್ನು ಕರೆದು ಟ್ರಯಲ್. ಇಲ್ಲಿ ಬಿಗಿ, ಅಲ್ಲಿ ಸಡಿಲ ಎಂದು ತೊಟ್ಟವರೇ ಹೇಳಿದ ಮೇಲೆಯೇ ಪಕ್ಕಾ ಹೊಲಿಗೆ. ತನ್ನನ್ನು ಒಮ್ಮೆ ಟ್ರಯಲ್ಲಿಗೆ ಕರೆದೇ ಕರೆಯುತ್ತಾರೆ, ಆಗ ಹೇಳಿದರಾಯಿತು ಎಂದು ಆಕೆ ನಂಬಿದ್ದಳು. ಕಟ್ಟಡದ ಕೆಲಸದಲ್ಲಿ ಕಚ್ಚಾ ಹೊಲಿಗೆ ಇಲ್ಲವೆಂದು ಆಕೆಗೆ ಹೇಳಿದವರಾರು?

ಮರುದಿನ ಬೆಳಿಗ್ಗೆ ಕಣ್ಣಿನ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿ, ದಾರಿಯಲ್ಲಿ ಗುಂಡಿ, ಅಸ್ತರಿನ ಬಟ್ಟೆ ಕೊಂಡು, ಮಧ್ಯಾಹ್ನ ತಿರುಗಿ ಬಂದು ಕೆಳಗಿಳಿದಾಗ, ಹೊಸ ಗೆರೆಯ ಮೇಲೆ ಇಟ್ಟಿಗೆ ಸಾಲು ಆಕೆಯ ಎದೆಯ ಎತ್ತರಕ್ಕೆ ಬಂದಿತ್ತು.

"ಇದೇನು? ಇನ್ನೂ ಟ್ರಯಲ್ಲೇ ಆಗಿರಲಿಲ್ಲ!"

ತಮ್ಮನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಗೋಡೆಗೆ ಯಾರಕ್ಕಾ ಟ್ರಯಲ್ ನೋಡ್ತಾರೆ?"

ಅವನ ಹೆಂಡತಿ ನಕ್ಕಳು. ಕುಹಕದ ನಗೆಯಲ್ಲ, ಮಾತು ತಮಾಷೆಯಾಗಿ ಕೇಳಿಸಿತು, ನಕ್ಕಳು. ಅದು ಕುಹಕವಾಗಿದ್ದರೆ ಅಕ್ಕನಿಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

ಮೇಸ್ತ್ರಿ ಕರಣೆಯನ್ನು ಕೆಳಗಿಟ್ಟ. "ನೆಲದ ಮೇಲೆ ಯಾವ ಗೆರೆ ಇತ್ತೋ ಅದರ ಮೇಲೆ ಕಟ್ಟಿದೀನಿ ಅಕ್ಕಾವ್ರೇ. ಗೆರೆ ನಿಮ್ಮದೇ. ಬೇಡ ಅಂದ್ರೆ ಹಸಿ ಇದೆ, ಈಗಲೇ ಬಿಚ್ಚಿಬಿಡ್ತೀನಿ." ಹೀಗೆ ಹೇಳಿ ಅವನು ತಮ್ಮನ ಮುಖ ನೋಡಿದ. ತಮ್ಮ ಫೋನಿನ ಮುಖ ನೋಡಿದ.

"ಕಿಟಕಿ ನಂಗೆ ಅಂದಿದ್ದೆಯಲ್ಲೋ."

"ಅಂದಿದ್ದೆ. ಆದ್ರೆ ಆಮೇಲೆ ನೀನೇ ಒರೆಸಿದ್ಯಲ್ಲಕ್ಕಾ? ಯಾರಾದ್ರೂ ಕೈ ಹಿಡಿದು ಒರೆಸಿದ್ವಾ?" ಅವನ ದನಿಯಲ್ಲಿ ನೋವಿತ್ತು, ನೊಂದವನು ತಾನೇ ಎಂಬಂತಿತ್ತು. "ಬೆಳಕಿಗೇನು, ಒಳ್ಳೇ ಟ್ಯೂಬ್‌ಲೈಟ್ ಹಾಕಿಸ್ತೀನಿ. ಹಗಲಿಗಿಂತ ಚೆನ್ನಾಗಿರುತ್ತೆ."

ಹಗಲಿಗಿಂತ ಚೆನ್ನಾಗಿರುವ ಟ್ಯೂಬ್‌ಲೈಟು ಬಂತು. ಹೊಲಿಗೆ ಯಂತ್ರವನ್ನು ಇಬ್ಬರು ಆಳುಗಳು ಕೆಳಗಿಳಿಸಿದರು. ಮೇಲೆ ಗೋಡೆ ಬಿತ್ತು, ಊಟದ ಟೇಬಲ್ಲು ಬಂತು. ಕೆಳಗಿನ ಕೋಣೆಯಲ್ಲಿ ಮಂಚ ಹಾಕಿ, ಯಂತ್ರವಿಟ್ಟ ಮೇಲೆ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಗೋಡೆಗೆ ದಪ್ಪವಿದೆಯೆಂಬ ಮಾತನ್ನು ಹೊಸ ಗೆರೆ ಎಳೆಯುವ ಆತುರದಲ್ಲಿ ಯಾರೂ ನೆನೆಯಲಿಲ್ಲ, ಬರಿಯ ನೋಡುವುದಕ್ಕೆಂದು ಎಳೆದ ಆಕೆಯೂ ನೆನೆಯಲಿಲ್ಲ. ಮಂಡಿ ನೋವಿನ ಹಳೆಯ ಗಿರಾಕಿಗಳು ಮೆಟ್ಟಿಲು ನೋಡಿ ಮೇಲೇ ನಿಂತು, "ಟೈಲರಕ್ಕಾ, ಇದ್ದೀರಾ?" ಎಂದು ಬಾವಿಗೆ ಇಣುಕಿದವರಂತೆ ಕೂಗಿ, ಎರಡು ಸಲ ಕೂಗಿದವರು ಮೂರನೆಯ ಸಲ ಬರಲಿಲ್ಲ. ಬಂದ ಕೆಲಸದಲ್ಲಿ ಬಣ್ಣದ್ದನ್ನು ಇಟ್ಟುಕೊಂಡು ಕಪ್ಪಿನದನ್ನು ಆಕೆಯೇ ಹಿಂದಕ್ಕೆ ಕೊಟ್ಟಳು. ಕೊಡುವಾಗ ಸಬೂಬು ಹೇಳಲಿಲ್ಲ. "ಕಾಣಲ್ಲ" ಎಂದಳು, ಅಷ್ಟೇ.

ಅತ್ತ ಕೆಳಗಿನ ಕಿಟಕಿಯ ಕಡೆಯ ಹಾಲಿನಲ್ಲಿ ಗೋಡೆಯುದ್ದದ ಟಿವಿ ಬಂತು, ನೆಲಕ್ಕೆ ಕಾರ್ಪೆಟ್ಟು, ಕಿಟಕಿಗೆ ಬೆನ್ನು ಮಾಡಿ ಬೂದು ಬಣ್ಣದ ಸೋಫಾ. ಎಲ್ಲ ಮುಗಿದ ಮೇಲೆ ತಮ್ಮನ ಹೆಂಡತಿ ದಪ್ಪನೆಯ ಕಪ್ಪು ಬಟ್ಟೆಯ ಸುರುಳಿಯನ್ನು ಹೊತ್ತು ಅಕ್ಕನ ಬಾಗಿಲಿಗೆ ಬಂದಳು. ಬಾಗಿಲು ತೆರೆದಷ್ಟೇ ಸಂದಿಯಲ್ಲಿ ಸುರುಳಿ ಮೊದಲು ಒಳಗೆ ಬಂತು, ಆಮೇಲೆ ಆಕೆಯ ಮುಖ.

"ಅತ್ತಿಗೆ, ಆ ಕಿಟಕಿಗೆ ಒಂದು ಪರದೆ ಹೊಲಿದುಕೊಡ್ತೀರಾ? ಬೆಳಕು ಬಿದ್ರೆ ಟಿವಿ ಸರಿಯಾಗಿ ಕಾಣಲ್ಲ. ಸೋಫಾ ಬಣ್ಣಾನೂ ಹೋಗುತ್ತೆ."

"ಗಾಳಿ ಬೆಳಕು ಬೇಕು ಅಂದಿದ್ದೆಯಲ್ಲಮ್ಮಾ."

"ಆಗ ಟಿವಿ ಇಷ್ಟು ದೊಡ್ಡದು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು ಅತ್ತಿಗೆ?"

ವಾಸ್ತವಾಂಶವನ್ನು ಹೇಳುವುದಾದರೆ, ಆ ಮನೆಯಲ್ಲಿ ಹಗಲು ಟಿವಿ ನೋಡುವವರು ಯಾರೂ ಇರಲಿಲ್ಲ. ತಮ್ಮನಿಗೂ ಅವನ ಹೆಂಡತಿಗೂ ಕಚೇರಿ, ಮಗಳಿಗೆ ಕಾಲೇಜು. ಎಲ್ಲರೂ ಟಿವಿಯ ಮುಂದೆ ಕೂರುತ್ತಿದ್ದುದು ಸೂರ್ಯ ಮುಳುಗಿದ ಮೇಲೆ. ಇದನ್ನು ಅಕ್ಕ ಬಲ್ಲಳು. ಬಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಕಪ್ಪು ಬಟ್ಟೆ. ಕಿಟಕಿ ಹತ್ತಿರ ಕೂತೇ ಹೊಲೀಬೇಕು," ಎಂದಳು.

"ಕೂತ್ಕೊಳ್ಳಿ, ಅದಕ್ಕೇನಂತೆ. ದಾರದ ಚೂರು ಮಾತ್ರ ಕಾರ್ಪೆಟ್ಟಿಗೆ ಬೀಳದ ಹಾಗೆ ನೋಡ್ಕೊಳ್ಳಿ. ಅಂಟಿಕೊಂಡ್ರೆ ಬರಲ್ಲ."

ಕಬ್ಬಿಣದ ಕಾಲಿನ ಯಂತ್ರವನ್ನು ಕಾರ್ಪೆಟ್ಟಿನ ಮೇಲೆ ಎಳೆಯುವಂತಿರಲಿಲ್ಲ. ಅಕ್ಕ ಹಳೆಯ ಬೆಡ್‌ಶೀಟು ಹಾಸಿ, ಕಿಟಕಿಯ ಕೆಳಗೆ, ಹಿಂದೆ ತಾನು ಯಂತ್ರದ ಗುರುತು ಹಾಕಿದ್ದ ಜಾಗದಲ್ಲೇ ಕುಳಿತು, ಇಡೀ ಪರದೆಯನ್ನು ಕೈಯಲ್ಲಿ ಹೊಲಿದಳು. ಬೆಳಕು ಎಡಗಡೆಯಿಂದ ಬರುತ್ತಿತ್ತು. ಸೂಜಿ ಮೊದಲಿನಂತೆ ಓಡಿತು. ಸರಿಯಾಗಿಯೇ ಇದ್ದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದಳು, ಅದನ್ನೂ ಬಿಚ್ಚಿದಳು. "ಇನ್ನೂ ಆಗ್ಲಿಲ್ವಾ ಅತ್ತಿಗೆ?" ಎಂದು ಸಂಜೆಯಾದರೆ ಮೇಲಿನಿಂದ ಪ್ರಶ್ನೆ ಬರುತ್ತಿತ್ತು. "ಕಪ್ಪು ಬಟ್ಟೆ ಕಣಮ್ಮಾ," ಎಂಬುದು ಕೆಳಗಿನಿಂದ ಹೋಗುತ್ತಿದ್ದ ಉತ್ತರ. ಬೆಳಕನ್ನು ಮುಚ್ಚುವ ಬಟ್ಟೆಯನ್ನು ಹೊಲಿಯುವವರೆಗೆ ಮಾತ್ರ ಆ ಬೆಳಕು ತನ್ನದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಎಳೆದರೂ ಪರದೆ ಒಂದು ದಿನ ಮುಗಿಯಲೇಬೇಕು. ಮುಗಿಯಿತು.

ತಮ್ಮ ಸ್ಟೂಲು ಹತ್ತಿ ಪರದೆಯನ್ನು ಸರಳಿಗೆ ಪೋಣಿಸಿ ಇಳಿಬಿಟ್ಟ. ಅದು ಕಿಟಕಿಯ ತಳಕ್ಕೆ ನಾಲ್ಕು ಬೆರಳು ಮೊದಲೇ ನಿಂತಿತು. ಆ ನಾಲ್ಕು ಬೆರಳಿನ ಸಂದಿಯಿಂದ ಭಾನುವಾರದ ಬಿಸಿಲು ಪಟ್ಟಿಯಂತೆ ಸೋಫಾದ ಬೆನ್ನಿನ ಮೇಲೆ ಬಿತ್ತು.

"ಗಿಡ್ಡ ಆಯ್ತಲ್ಲ ಅಕ್ಕಾ? ಕೆಳಗಿನ ಮಡಿಕೆ ಬಿಡಿಸಿಬಿಡು."

"ಬಿಡಿಸೋಕೆ ಒಳಗೆ ಬಟ್ಟೆ ಇಲ್ಲಪ್ಪಾ."

ತಮ್ಮನ ಹೆಂಡತಿ ಪರದೆಯ ಅಂಚನ್ನು ತಿರುಗಿಸಿ ನೋಡಿದಳು. ದಾರ ಬಿಚ್ಚಿಕೊಳ್ಳದಿರಲು ಬೇಕಾದಷ್ಟೇ ಮಡಿಕೆ. ಅದರಾಚೆ ಏನೂ ಇರಲಿಲ್ಲ.

"ನೀವು ಯಾವಾಗ್ಲೂ ಒಳಗೆ ಬಿಡ್ತಿದ್ರಲ್ಲ ಅತ್ತಿಗೆ?"

"ಬಿಡ್ತಿದ್ದೆ."

"ಅಷ್ಟು ಬಟ್ಟೆ ತಂದಿದ್ದೆ, ಮಿಕ್ಕಿದ್ದೆಲ್ಲಿ?"

ಮಿಕ್ಕದ್ದು ಅಕ್ಕನ ಕೋಣೆಯ ಬಾಗಿಲಲ್ಲಿ ಕಾಲೊರೆಸಾಗಿ ಬಿದ್ದಿತ್ತು. ನಾಲ್ಕು ಮಡಿಕೆ ಮಾಡಿ, ಸುತ್ತ ಅಂಚು ಕಟ್ಟಿ, ಅಚ್ಚುಕಟ್ಟಾಗಿಯೇ ಹೊಲಿದಿತ್ತು. ಮೂವರೂ ಅದನ್ನು ನೋಡಿದರು. ಮಗಳಿಗೆ ನಗು ಬಂತು. ಅಪ್ಪನ ಮುಖ ಕಂಡು ನುಂಗಿಕೊಂಡಳು.

"ಹೋಗ್ಲಿ ಬಿಡು, ವಯಸ್ಸಾಯ್ತು, ಕಣ್ಣು ಸರಿ ಇಲ್ಲ," ಎಂದ ತಮ್ಮ ಹೆಂಡತಿಗೆ, ಅಕ್ಕನಿಗೆ ಕೇಳಿಸುವಷ್ಟು ಮೆಲ್ಲಗೆ. ಅಳತೆ ತಪ್ಪಿದಳೆಂಬ ಮಾತು ಕತ್ತರಿ ಹಿಡಿದ ದಿನದಿಂದ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಬಿತ್ತು. ಉತ್ತರ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಹೇಳಿದರೆ ಆ ನಾಲ್ಕು ಬೆರಳಿನ ಬೆಳಕೂ ಹೋಗುತ್ತದೆಂದು ಆಕೆ ಅದನ್ನು ಹಿಂದಕ್ಕೆ ನುಂಗಿದಳು.

ಅಂದಿನಿಂದ ಬೆಳಿಗ್ಗೆ ಮೂವರೂ ಮನೆ ಬಿಟ್ಟ ಮೇಲೆ ಅಕ್ಕ ಸೂಜಿಗಳ ದಿಂಬನ್ನೂ ಕಪ್ಪು ದಾರದ ಉಂಡೆಯನ್ನೂ ಹಿಡಿದು ಹಾಲಿಗೆ ಬರುತ್ತಾಳೆ. ಸೋಫಾದ ಹಿಂದೆ ಮಂಡಿಯೂರಿ, ಬಿಸಿಲಿನ ಪಟ್ಟಿಗೆ ಸೂಜಿಯನ್ನು ಎತ್ತಿ ಹಿಡಿದು, ಒಂದಾದ ಮೇಲೊಂದಕ್ಕೆ ದಾರ ಪೋಣಿಸುತ್ತಾಳೆ. ನಲ್ಲಿ ನಿಲ್ಲುವ ಮೊದಲು ದಿನದ ನೀರನ್ನು ಕೊಡಗಳಿಗೆ ಹಿಡಿದಿಡುವವರಂತೆ. ಬಳಿಕ ದಿಂಬನ್ನು ಒಯ್ದು, ತನ್ನ ಟ್ಯೂಬ್‌ಲೈಟಿನ ಕೋಣೆಯಲ್ಲಿ ಕುಳಿತು ಗುಂಡಿ ಹಚ್ಚುತ್ತಾಳೆ. ಬೆರಳ ತುದಿಯ ಅಂದಾಜಿನಿಂದ ಮಾಡಬಹುದಾದ ಕೆಲಸ ಅದೊಂದೇ. ಕಲಿತದ್ದು ಗುಂಡಿಯಿಂದ, ಈಗ ಉಳಿದದ್ದೂ ಗುಂಡಿ.

ಒಂದೆರಡು ಋತು ಕಳೆದ ಮೇಲೆ ತಮ್ಮನ ಹೆಂಡತಿ ಸೋಫಾ ಸರಿಸಿ ಕಸ ಗುಡಿಸುವಾಗ ಕೂಗಿದಳು. "ಅತ್ತಿಗೆ! ಇಲ್ಲಿ ಬನ್ನಿ! ಸೋಫಾ ಹಿಂದೆ ಉದ್ದಕ್ಕೂ ಒಂದು ಪಟ್ಟಿ ಬಣ್ಣವೇ ಹೋಗಿಬಿಟ್ಟಿದೆಯಲ್ಲ!"

ಅಕ್ಕ ಅರ್ಧ ತೆರೆದ ಬಾಗಿಲಿನಿಂದ ಓರೆಯಾಗಿ ಹೊರಬಂದಳು. ಸೋಫಾದ ಬೆನ್ನಿನ ಮೇಲೆ ನಾಲ್ಕು ಬೆರಳಗಲದ ಬಿಳಿಚಿದ ಪಟ್ಟಿಯನ್ನು ನೋಡಿದಳು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು.

"ಬಟ್ಟೆ ಒಳ್ಳೇದಲ್ಲ ಕಣಮ್ಮಾ," ಎಂದು ಹೇಳಿ, ಕಾಲೊರೆಸಿನ ಮೇಲೆ ಕಾಲೊರೆಸಿಕೊಂಡು ಒಳಗೆ ಹೋದಳು.